ಕಂಪ್ಯೂಟಿಂಗ್ ಮತ್ತು ಜೀವವಿಜ್ಞಾನದಲ್ಲಿ ಸಂಶೋಧನಾ ಕೆಲಸ: ಸಿವಿಯಿಂದ ಶುರು ಮಾಡಬೇಡಿ

"ಸಿವಿ ಕಳಿಸಿದ್ದೇನೆ, ಸ್ವಲ್ಪ ನೋಡಿ ಹೇಳಿ." ಇಂಥ ಮೆಸೇಜ್ ಬಂದಾಗಲೆಲ್ಲ ಯಾವ ಕೆಲಸಕ್ಕೆ ಅಂತ ಕೇಳುತ್ತೇನೆ. "ಬಯೋಇನ್ಫರ್ಮ್ಯಾಟಿಕ್ಸ್‌ನಲ್ಲಿ ಯಾವುದಾದರೂ ಸರಿ, ಸಿಕ್ಕರೆ ಸಾಕು" ಅನ್ನುತ್ತಾರೆ (ಬಯೋಇನ್ಫರ್ಮ್ಯಾಟಿಕ್ಸ್ ಅಂದರೆ ಜೀವವಿಜ್ಞಾನದ ಡೇಟಾವನ್ನು ಕಂಪ್ಯೂಟರ್‌ನಲ್ಲಿ ವಿಶ್ಲೇಷಿಸುವ ಕ್ಷೇತ್ರ). ಎಡವಟ್ಟು ಅಲ್ಲೇ ಇದೆ. ಅದೇ ಸಿವಿ ಅಷ್ಟೊತ್ತಿಗೆ ನಲವತ್ತು ಕಡೆ ಹೋಗಿರುತ್ತದೆ, ಒಂದು ಕಡೆಯಿಂದಲೂ ಉತ್ತರ ಬಂದಿರುವುದಿಲ್ಲ. ಸಿವಿಯಲ್ಲಿ ಹುಡುಕಿದರೆ ಸಣ್ಣಪುಟ್ಟ ತಪ್ಪು ಸಿಗುತ್ತವೆ, ಅಷ್ಟೇ. ದೊಡ್ಡ ತಪ್ಪು ಇರುವುದು ಕ್ರಮದಲ್ಲಿ. ಆರನೆಯದಾಗಿ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿ, ಮೊದಲು ಮಾಡಬೇಕಾದದ್ದನ್ನು ಕೊನೆಯ ದಿನದ ರಾತ್ರಿಗೆ ಇಟ್ಟುಕೊಂಡಿರುತ್ತಾರೆ.

ಕಂಪ್ಯೂಟರ್ ಕಡೆಯಿಂದ ಜೀವವಿಜ್ಞಾನಕ್ಕೆ ಬರುವವರು, ಲ್ಯಾಬ್ ಕಡೆಯಿಂದ ಕೋಡಿಂಗ್‌ಗೆ ಬರುವವರು, ಇಬ್ಬರಿಗೂ ಇಲ್ಲಿ ಹೇಳಿರುವ ಕ್ರಮ ಒಂದೇ. ಎಡವುವ ಜಾಗ ಮಾತ್ರ ಬೇರೆ ಬೇರೆ. ಅದನ್ನು ಆಯಾ ಹಂತದಲ್ಲೇ ಹೇಳುತ್ತೇನೆ.

ಮೊದಲು ಸಿದ್ಧ ಮಾಡಿಕೊಳ್ಳಬೇಕಾದದ್ದು

ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಕಾಲಂಗಳು ಇಷ್ಟು ಸಾಕು: ಕೆಲಸ, ಕೊನೆಯ ದಿನ, ಗಂಟೆ ಮತ್ತು ಟೈಮ್ ಝೋನ್, ಶಿಫಾರಸು ಪತ್ರ ಯಾರದ್ದು, ಯಾವ ಫೈಲ್ ಕಳಿಸಿದೆ, ಏನು ಉತ್ತರ ಬಂತು. ಆರ್ಕಿಡ್ (ORCID) ನಂಬರ್ ಮಾಡಿಸಿಕೊಳ್ಳಿ, ಸಂಶೋಧಕರ ಗುರುತಿನ ಸಂಖ್ಯೆ ಅದು, ಉಚಿತ, ಐದು ನಿಮಿಷದ ಕೆಲಸ. ಗಿಟ್‌ಹಬ್ ಅಥವಾ ಗಿಟ್‌ಲ್ಯಾಬ್ ಖಾತೆ ಬೇಕು, ಕೋಡ್ ಇಟ್ಟು ತೋರಿಸುವ ಜಾಗ ಅದು. ಓದು ಮುಗಿದ ಮೇಲೆ ಬಂದ್ ಆಗುವ ಕಾಲೇಜಿನ ಇಮೇಲ್ ಕೊಡಬೇಡಿ, ಸಂದರ್ಶನದ ಕರೆ ಅದಕ್ಕೇ ಬಂದು ಯಾರೂ ನೋಡದೆ ಬಿದ್ದಿರುತ್ತದೆ.

ಇನ್ನೊಂದು ಅಭ್ಯಾಸ. ಜಾಹೀರಾತು ಇಷ್ಟವಾದ ತಕ್ಷಣ ಅದನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಕೊನೆಯ ದಿನ ಕಳೆದ ಮೇಲೆ ಎಷ್ಟೋ ಕಡೆ ಪುಟವನ್ನೇ ತೆಗೆದುಬಿಡುತ್ತಾರೆ. ಎರಡು ತಿಂಗಳ ನಂತರ ಸಂದರ್ಶನಕ್ಕೆ ಕರೆದಾಗ ಅವರು ಏನು ಕೇಳಿದ್ದರು ಅನ್ನುವುದೇ ನೆನಪಿರುವುದಿಲ್ಲ.

ಹಂತ 1: ಯಾವ ಕುರ್ಚಿ ಅಂತ ಗೊತ್ತು ಮಾಡಿಕೊಳ್ಳಿ

ಇಲ್ಲಿ ಮುಖ್ಯವಾಗಿ ನಾಲ್ಕು ಕುರ್ಚಿ. ಪಿಎಚ್‌ಡಿ, ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ), ಪ್ರಾಧ್ಯಾಪಕ ಹುದ್ದೆ, ಮತ್ತು ಜನ ಮರೆತೇಬಿಡುವ ನಾಲ್ಕನೆಯದು: ಸ್ಟಾಫ್ ಸೈಂಟಿಸ್ಟ್, ಕೋರ್ ಫೆಸಿಲಿಟಿ ಬಯೋಇನ್ಫರ್ಮ್ಯಾಟಿಶಿಯನ್ (ಇಡೀ ಸಂಸ್ಥೆಗೆ ಡೇಟಾ ವಿಶ್ಲೇಷಣೆ ಮಾಡಿಕೊಡುವವರು), ರಿಸರ್ಚ್ ಸಾಫ್ಟ್‌ವೇರ್ ಎಂಜಿನಿಯರ್ ಥರದ ಕೆಲಸಗಳು. ಈ ನಾಲ್ಕನೆಯದರಲ್ಲಿ ಎಷ್ಟೋ ಹುದ್ದೆಗೆ ಮಾಸ್ಟರ್ಸ್ ಸಾಕು. ಕೋಡ್ ಚೆನ್ನಾಗಿ ಬರೆಯುತ್ತೀರಿ, ಪೇಪರ್ ಪಟ್ಟಿ ಚಿಕ್ಕದು ಅಂದರೆ ಮೊದಲು ನೋಡಬೇಕಾದದ್ದು ಇದನ್ನೇ. ನನ್ನ ಕೇಳಿದರೆ, ಪೋಸ್ಟ್‌ಡಾಕ್ ಬೇಕು ಅಂತ ಬರುವವರಲ್ಲಿ ಒಂದಷ್ಟು ಜನ ನಿಜವಾಗಿ ಹುಡುಕುತ್ತಿರುವುದು ಈ ಕುರ್ಚಿಯನ್ನೇ, ಅದಕ್ಕೊಂದು ಹೆಸರಿದೆ ಅಂತ ಗೊತ್ತಿರುವುದಿಲ್ಲ ಅಷ್ಟೇ.

ಪಿಎಚ್‌ಡಿ ಅನ್ನುವ ಒಂದೇ ಹೆಸರಿನಲ್ಲೂ ವ್ಯವಸ್ಥೆ ಬೇರೆ ಬೇರೆ. ಅಮೆರಿಕದಲ್ಲಿ ಅದು ಪ್ರವೇಶ. ಅರ್ಜಿ ವಿಭಾಗಕ್ಕೆ ಹೋಗುತ್ತದೆ, ಆರಿಸುವುದು ಸಮಿತಿ. ಜೀವವಿಜ್ಞಾನದ ಎಷ್ಟೋ ಕಾರ್ಯಕ್ರಮಗಳಲ್ಲಿ ಮೊದಲ ವರ್ಷ ಎರಡು ಮೂರು ಲ್ಯಾಬ್‌ಗಳಲ್ಲಿ ರೊಟೇಶನ್ ಮಾಡಿ (ಸರದಿಯಂತೆ ಒಂದೊಂದರಲ್ಲೂ ಕೆಲಸ ಮಾಡಿ), ಆಮೇಲೆ ಗೈಡ್ ಯಾರು ಅಂತ ತೀರ್ಮಾನವಾಗುತ್ತದೆ. ಅಲ್ಲಿ ಬ್ಯಾಚುಲರ್ಸ್ ಮುಗಿಸಿದವರೂ ಹಾಕಬಹುದು. ಜರ್ಮನಿ, ನೆದರ್ಲೆಂಡ್ಸ್, ಸ್ವೀಡನ್ ಕಡೆ ಪಿಎಚ್‌ಡಿ ಅಂದರೆ ಹೆಚ್ಚಾಗಿ ಕರಾರಿನ ಕೆಲಸ, ಜಾಹೀರಾತು ಬರುತ್ತದೆ, ಸಾಮಾನ್ಯವಾಗಿ ಮಾಸ್ಟರ್ಸ್ ಬೇಕು, ಆರಿಸುವವರು ಬಹುಪಾಲು ಆ ಗುಂಪಿನ ಮುಖ್ಯಸ್ಥರೇ. ಇದು ಗೊತ್ತಿಲ್ಲದೆ ಅಮೆರಿಕದ ಐವತ್ತು ಪ್ರೊಫೆಸರ್‌ಗಳಿಗೆ "ಒಂದು ಸೀಟು ಕೊಡಿ" ಅಂತ ಮೇಲ್ ಮಾಡುವವರಿದ್ದಾರೆ. ಅವರು ಬಯಸಿದರೂ ಒಬ್ಬರೇ ಕೊಡಲು ಆಗದ ಸೀಟು ಅದು.

ಹಂತ 2: ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ

ಅಮೆರಿಕದ ಪಿಎಚ್‌ಡಿ ಅರ್ಜಿಗಳು ಬಹುಪಾಲು ಡಿಸೆಂಬರ್ ಮೊದಲ ಎರಡು ವಾರದಲ್ಲಿ ಮುಚ್ಚುತ್ತವೆ. ಅಲ್ಲಿನ ಪ್ರಾಧ್ಯಾಪಕ ಹುದ್ದೆಗಳ ಜಾಹೀರಾತು ಆಗಸ್ಟ್‌ನಿಂದ ನವೆಂಬರ್‌ವರೆಗೆ ಜಾಸ್ತಿ, ಸಂದರ್ಶನ ಚಳಿಗಾಲದಲ್ಲಿ. ಯುರೋಪಿನ ಪಿಎಚ್‌ಡಿ, ಪೋಸ್ಟ್‌ಡಾಕ್ ಕೆಲಸಗಳು ವರ್ಷವಿಡೀ ಬರುತ್ತವೆ, ಆದರೆ ಎಂಬಲ್ (EMBL, ಯುರೋಪಿನ ಅಣುಜೀವವಿಜ್ಞಾನ ಪ್ರಯೋಗಾಲಯ) ಮತ್ತು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಶೋಧನಾ ಶಾಲೆಗಳ ಪಿಎಚ್‌ಡಿ ಕಾರ್ಯಕ್ರಮಗಳಿಗೆ ನಿಗದಿತ ಸುತ್ತುಗಳಿವೆ.

ಫೆಲೋಶಿಪ್‌ಗಳಿಗೆ ದಿನಾಂಕದ ಜೊತೆ ಗಡಿಯಾರವೂ ಓಡುತ್ತಿರುತ್ತದೆ. ಎಂಬೋ (EMBO, ಯುರೋಪಿನ ಅಣುಜೀವವಿಜ್ಞಾನ ಸಂಘಟನೆ) ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಪಿಎಚ್‌ಡಿ ಆಗಿ ಎರಡು ವರ್ಷದೊಳಗೆ ಹಾಕಬೇಕು. ಯುರೋಪಿನ ಮಾರಿ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್‌ನಲ್ಲಿ ಸಾಮಾನ್ಯ ನಿಯಮ ಏನೆಂದರೆ, ಹೋಗಬೇಕೆಂದಿರುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಹಾಗಾಗಿ "ಮೊದಲು ಅಲ್ಲಿಗೆ ಹೋಗಿ ಸೇರಿಕೊಳ್ಳೋಣ, ಫೆಲೋಶಿಪ್ ಆಮೇಲೆ ನೋಡೋಣ" ಅಂದವರು ಒಂದೂವರೆ ವರ್ಷ ಕಳೆದ ಮೇಲೆ ಅರ್ಹತೆಯನ್ನೇ ಕಳೆದುಕೊಂಡಿರುತ್ತಾರೆ. ಕಂಪ್ಯೂಟರ್, ಗಣಿತ, ಭೌತವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿ ಜೀವವಿಜ್ಞಾನಕ್ಕೆ ಬರುವವರು ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಮ್‌ನ ಕ್ರಾಸ್ ಡಿಸಿಪ್ಲಿನರಿ ಫೆಲೋಶಿಪ್ ನೋಡಲೇಬೇಕು. ಅದು ಇರುವುದೇ ನಿಮ್ಮಂಥವರಿಗಾಗಿ. ಹಾಕುವ ವರ್ಷದ ನಿಯಮಪುಸ್ತಕವನ್ನೇ ಓದಿ, ಹಳೆಯ ವರ್ಷದ್ದನ್ನು ನಂಬಬೇಡಿ.

ದೊಡ್ಡ ಅರ್ಜಿಗೆ ಕೊನೆಯ ದಿನದಿಂದ ಹಿಂದಕ್ಕೆ ಮೂರು ತಿಂಗಳು ಇಟ್ಟುಕೊಳ್ಳಿ. ಮಾಮೂಲಿ ಜಾಹೀರಾತಿಗೆ ಎರಡು ವಾರ ಸಾಕು.

ಹಂತ 3: ತೋರಿಸಲು ಒಂದು ಕೆಲಸ ಇರಲಿ

ಅತಿ ಹೆಚ್ಚು ಅರ್ಜಿಗಳು ಸಾಯುವುದು ಇಲ್ಲಿ, ಹಾಗಾಗಿ ಸ್ವಲ್ಪ ಹೊತ್ತು ನಿಲ್ಲೋಣ.

ಗಿಟ್‌ಹಬ್‌ನಲ್ಲಿ ಮೂವತ್ತು ಅರ್ಧಂಬರ್ಧ ಪ್ರಾಜೆಕ್ಟ್ ಇರುವುದಕ್ಕಿಂತ ಓಡುವ ಒಂದೇ ಒಂದು ಇರುವುದು ವಾಸಿ. ಓಡುತ್ತದೆಯೇ ಅಂತ ಪರೀಕ್ಷೆ ಮಾಡುವುದು ಹೀಗೆ: ಗೆಳೆಯರ ಲ್ಯಾಪ್‌ಟಾಪ್ ತೆಗೆದುಕೊಂಡು ಅದರಲ್ಲಿ ಕ್ಲೋನ್ ಮಾಡಿ (ಪ್ರಾಜೆಕ್ಟ್ ಇಳಿಸಿಕೊಂಡು), ರೀಡ್‌ಮಿಯಲ್ಲಿ (ಬಳಸುವುದು ಹೇಗೆ ಅಂತ ಹೇಳುವ ಫೈಲ್) ಬರೆದಷ್ಟನ್ನೇ ಟೈಪ್ ಮಾಡಿ. ನಿಮ್ಮ ಬಾಯಿಂದ ಒಂದು ಮಾತೂ ಬರಬಾರದು. ಸಾಮಾನ್ಯವಾಗಿ ಮೂರನೇ ಸಾಲಿನಲ್ಲೇ ನಿಲ್ಲುತ್ತದೆ. ಫೈಲ್ ದಾರಿಯಲ್ಲಿ ನಿಮ್ಮದೇ ಯೂಸರ್ ಹೆಸರು ಕೂತಿರುತ್ತದೆ, ಇಲ್ಲವೇ ಯಾವ ಪ್ಯಾಕೇಜ್‌ನ ಯಾವ ವರ್ಶನ್ ಅಂತ ಎಲ್ಲೂ ಬರೆದಿರುವುದಿಲ್ಲ. ಪ್ಯಾಕೇಜ್ ಮತ್ತು ವರ್ಶನ್‌ಗಳ ಪಟ್ಟಿ ಇರುವ ಕೊಂಡಾದ ಎನ್ವಿರಾನ್‌ಮೆಂಟ್ ಫೈಲ್ ಒಂದು, ಎರಡು ನಿಮಿಷದಲ್ಲಿ ಓಡುವಷ್ಟು ಪುಟ್ಟ ಡೇಟಾ ಒಂದು, ಕೊನೆಗೆ ಏನು ಬರಬೇಕು ಅನ್ನುವ ಒಂದು ಚಿತ್ರ. ಇಷ್ಟಿದ್ದರೆ ನೀವು ಮುಂದಿನ ಸಾಲಿಗೆ ಬಂದಿರಿ.

ಕಂಪ್ಯೂಟರ್ ಕಡೆಯವರು ಎಡವುವುದು ಬೇರೆ ರೀತಿ. ಕೋಡ್ ಚೆನ್ನಾಗಿರುತ್ತದೆ, ಫಲಿತಾಂಶ ನಂಬುವಂತಿರುವುದಿಲ್ಲ. ಪ್ರೋಟೀನ್‌ಗಳನ್ನು ಸುಮ್ನೆ ರ‍್ಯಾಂಡಮ್ ಆಗಿ ಕಲಿಸಲು ಒಂದು, ಪರೀಕ್ಷಿಸಲು ಒಂದು ಅಂತ ಎರಡು ಭಾಗ ಮಾಡಿ ಮಾಡೆಲ್ ಕಲಿಸಿ "99% ನಿಖರತೆ" ಅಂತ ಬರೆದಿರುತ್ತಾರೆ. ಜೀವವಿಜ್ಞಾನ ಗೊತ್ತಿರುವವರು ಅದನ್ನು ನೋಡಿ ನಗುತ್ತಾರೆ, ಯಾಕೆಂದರೆ ಒಂದೇ ಕುಟುಂಬದ ಪ್ರೋಟೀನ್‌ಗಳು ಎರಡೂ ಕಡೆ ಇರುತ್ತವೆ, ಮಾಡೆಲ್ ಕಲಿತಿಲ್ಲ, ಅಕ್ಕತಂಗಿಯರನ್ನು ಗುರುತು ಹಿಡಿದಿದೆ ಅಷ್ಟೇ. ಸಿಡಿ-ಹಿಟ್ ಅಥವಾ ಎಂಎಂಸೀಕ್ಸ್2 ಬಳಸಿ ಹೋಲುವ ಪ್ರೋಟೀನ್‌ಗಳನ್ನು ಮೊದಲು ಗುಂಪು ಮಾಡಿ, ಇಡೀ ಗುಂಪನ್ನೇ ಒಂದು ಕಡೆಗೆ ಹಾಕಬೇಕು. ಸಿಂಗಲ್ ಸೆಲ್ ಡೇಟಾ (ಒಂದೊಂದು ಜೀವಕೋಶವನ್ನೂ ಬೇರೆಯಾಗಿ ಅಳೆದದ್ದು) ಆದರೂ ಇದೇ ಮಾತು: ಒಬ್ಬ ರೋಗಿಯ ಜೀವಕೋಶಗಳು ಎರಡೂ ಕಡೆ ಹಂಚಿಹೋಗಬಾರದು. ಹಾಗೆ ಮಾಡಿದಾಗ 99 ಇದ್ದದ್ದು 78ಕ್ಕೆ ಇಳಿದರೆ 78 ಅಂತಲೇ ಬರೆಯಿರಿ, ಯಾಕೆ ಇಳಿಯಿತು ಅಂತಲೂ ಬರೆಯಿರಿ. ಆ ಒಂದು ಪ್ಯಾರಾ ನಿಮ್ಮ ಡಿಗ್ರಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಲ್ಯಾಬ್ ಕಡೆಯವರಿಗೆ ಎಕ್ಸೆಲ್ ದೊಡ್ಡ ಹೊಂಡ. ಸೆಪ್ಟ್2 ಅನ್ನುವ ಜೀನ್ ಹೆಸರನ್ನು ಎಕ್ಸೆಲ್ ಸೆಪ್ಟೆಂಬರ್ 2 ಅಂತ ತಾರೀಖು ಮಾಡಿಬಿಡುತ್ತಿತ್ತು. ಈ ಕಾಟ ಎಷ್ಟಾಯಿತೆಂದರೆ 2020ರ ಹೊತ್ತಿಗೆ ಜೀನ್ ಹೆಸರಿಡುವ ಸಮಿತಿಯೇ ಸೋತು ಸೆಪ್ಟಿನ್2 ಅಂತ ಹೆಸರು ಬದಲಿಸಿತು. ನೀವು ಹಾಕಿದ ಟೇಬಲ್‌ನಲ್ಲಿ ಜೀನ್ ಕಾಲಂನಲ್ಲಿ ತಾರೀಖು ಕಂಡರೆ, ನೋಡಿದವರು ಮುಂದಕ್ಕೆ ಓದುವುದಿಲ್ಲ.

ಪೇಪರ್ ಇನ್ನೂ ಬಂದಿಲ್ಲವೇ? ಬಯೋಆರ್ಕೈವ್ ಅಥವಾ ಆರ್ಕೈವ್‌ನಲ್ಲಿ ಪ್ರಿಪ್ರಿಂಟ್ (ಪರಿಶೀಲನೆಗೆ ಮುಂಚೆಯೇ ಎಲ್ಲರಿಗೂ ತೆರೆದಿಡುವ ಪೇಪರ್) ಹಾಕಿದರೆ ತೋರಿಸಬಹುದು. "ಬರೆಯುತ್ತಿದ್ದೇವೆ" ಅಂತ ಐದು ಪೇಪರ್ ಪಟ್ಟಿ ಮಾಡುವುದಕ್ಕಿಂತ ಒಂದು ಪ್ರಿಪ್ರಿಂಟ್ ಮೇಲು. ಹಾಕುವ ಮುಂಚೆ ಜೊತೆಗೆ ಬರೆದವರೆಲ್ಲರ ಒಪ್ಪಿಗೆ ತೆಗೆದುಕೊಳ್ಳಿ.

ಹಂತ 4: ಶಿಫಾರಸು ಮಾಡುವವರನ್ನು ಬೇಗ ಕೇಳಿ

ಇಲ್ಲಿ ನನಗೇ ಪೆಟ್ಟು ಬಿದ್ದಿದೆ. ಒಂದು ಅರ್ಜಿಯ ಸಬ್‌ಮಿಟ್ ಗುಂಡಿಯನ್ನು ಕೊನೆಯ ದಿನ ಸಂಜೆ ಒತ್ತಿದೆ. ಒತ್ತಿದ ಮೇಲಷ್ಟೇ ಪೋರ್ಟಲ್ ನನ್ನ ಮೇಷ್ಟ್ರಿಗೆ ಪತ್ರ ಕೇಳಿ ಲಿಂಕ್ ಕಳಿಸಿತು. ಪತ್ರಕ್ಕೂ ಅದೇ ರಾತ್ರಿ ಹನ್ನೆರಡು ಗಂಟೆ ಗಡುವು. ಅವರು ವಿಮಾನದಲ್ಲಿದ್ದರು. ಪತ್ರ ಎರಡು ದಿನ ಬಿಟ್ಟು ಬಂತು, ಅರ್ಜಿ ಅಪೂರ್ಣ ಅಂತ ಪಕ್ಕಕ್ಕೆ ಹೋಯಿತು. ತಪ್ಪು ನನ್ನದೇ.

ಹಾಗಾಗಿ ಪೋರ್ಟಲ್ ಪತ್ರ ಕೇಳುವುದು ಯಾವಾಗ ಅಂತ ಮೊದಲ ದಿನವೇ ನೋಡಿ. ಹೆಸರು ತುಂಬಿದ ಕೂಡಲೇ ಕೇಳುತ್ತದೆಯೋ, ಅರ್ಜಿ ಸಲ್ಲಿಸಿದ ಮೇಲೋ, ಸಂದರ್ಶನಕ್ಕೆ ಆಯ್ಕೆಯಾದ ಮೇಲೋ? ಮೇಷ್ಟ್ರನ್ನು ಆರು ವಾರ ಮುಂಚೆ ಕೇಳಿ, ಎರಡು ವಾರ ಇರುವಾಗ ನೆನಪಿಸಿ, ಮೂರು ದಿನ ಇರುವಾಗ ಇನ್ನೊಮ್ಮೆ. ಬೇಜಾರಾಗುತ್ತದೆ ಅಂತ ಸಂಕೋಚ ಬೇಡ, ನೆನಪಿಸದಿದ್ದರೇ ಅವರಿಗೆ ಕಷ್ಟ. ಜೊತೆಗೆ ಅರ್ಧ ಪುಟ ಕೊಡಿ: ಯಾವ ಕೆಲಸ, ಅವರ ಜೊತೆ ನೀವು ಏನು ಮಾಡಿದಿರಿ, ಯಾವುದು ಕೈಕೊಟ್ಟಿತು, ಅದನ್ನು ಹೇಗೆ ಸರಿಮಾಡಿದಿರಿ.

ಎರಡು ವಿಷಯ ಸೇರುವ ಕೆಲಸಕ್ಕೆ ಎರಡೂ ಕಡೆಯವರು ಬೇಕು. ಮೂರೂ ಪತ್ರ ಕಂಪ್ಯೂಟರ್ ವಿಭಾಗದಿಂದ ಹೋದರೆ, ಜೀವವಿಜ್ಞಾನಿಗಳ ಜೊತೆ ಇವರು ಕೂತು ಕೆಲಸ ಮಾಡುತ್ತಾರಾ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ಎಚ್ಚರಿಕೆಯ ಚಿಹ್ನೆ ಒಂದಿದೆ. "ಬರೆಯುತ್ತೇನೆ, ಆದರೆ ನಿನ್ನ ಕೆಲಸ ಅಷ್ಟು ಹತ್ತಿರದಿಂದ ನೋಡಿಲ್ಲ" ಅಂದರೆ ಅದು ಮರ್ಯಾದೆಯಿಂದ ಹೇಳಿದ "ಇಲ್ಲ". ಬೇರೆಯವರನ್ನು ಹುಡುಕಿ.

ಹಂತ 5: ಹುಡುಕಿ, ಆಮೇಲೆ ಸರಿಯಾಗಿ ಓದಿ

ಜಾಹೀರಾತು ಸಿಗುವ ತಾಣಗಳು ಇವು: ಯುರೋಪಿಗೆ ಯುರಾಕ್ಸೆಸ್, ಬ್ರಿಟನ್ನಿಗೆ ಜಾಬ್ಸ್ ಡಾಟ್ ಎಸಿ ಡಾಟ್ ಯುಕೆ, ಎಲ್ಲ ಕಡೆಗೂ ನೇಚರ್ ಕರಿಯರ್ಸ್ ಮತ್ತು ಸೈನ್ಸ್ ಕರಿಯರ್ಸ್, ಕಂಪ್ಯುಟೇಶನಲ್ ಬಯಾಲಜಿಗೇ ಅಂತ ಆ ಕ್ಷೇತ್ರದ ಅಂತರರಾಷ್ಟ್ರೀಯ ಸಂಘ ಐಎಸ್‌ಸಿಬಿ, ಉತ್ತರ ಅಮೆರಿಕದ ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕ ಹುದ್ದೆಗಳಿಗೆ ಕಂಪ್ಯೂಟಿಂಗ್ ರಿಸರ್ಚ್ ಅಸೋಸಿಯೇಶನ್. ಬಯೋಇನ್ಫರ್ಮ್ಯಾಟಿಕ್ಸ್ ಅನ್ನುವ ಒಂದೇ ಪದ ಹಾಕಿ ಹುಡುಕಿದರೆ ಅರ್ಧ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಡೇಟಾದ ಹೆಸರಿನಲ್ಲಿ ಹುಡುಕಿ: ಸಿಂಗಲ್ ಸೆಲ್, ಕ್ರಯೋ-ಇಎಂ, ಪ್ರೋಟಿಯೋಮಿಕ್ಸ್, ಮೈಕ್ರೋಸ್ಕೋಪಿ ಇಮೇಜ್, ಮೆಟಾಜಿನೋಮಿಕ್ಸ್.

ಜಾಹೀರಾತು ಬರುವ ಮುಂಚೆಯೇ ಕೆಲಸದ ವಾಸನೆ ಹಿಡಿಯುವುದಕ್ಕೂ ದಾರಿ ಇದೆ. ಯಾರಿಗೆ ಹೊಸದಾಗಿ ಅನುದಾನ ಬಂತು ಅಂತ ನೋಡುವುದು. ಅಮೆರಿಕದ ಎನ್‌ಐಎಚ್ ರಿಪೋರ್ಟರ್, ಬ್ರಿಟನ್ನಿನ ಗೇಟ್‌ವೇ ಟು ರಿಸರ್ಚ್, ಯುರೋಪಿನ ಕಾರ್ಡಿಸ್, ಮೂರೂ ಅನುದಾನಗಳ ಪಟ್ಟಿ ಇರುವ ತಾಣಗಳು, ಎಲ್ಲರಿಗೂ ತೆರೆದಿವೆ. ಐದು ವರ್ಷದ ಇಆರ್‌ಸಿ (ಯುರೋಪಿಯನ್ ರಿಸರ್ಚ್ ಕೌನ್ಸಿಲ್) ಅನುದಾನ ಈಗಷ್ಟೇ ಶುರುವಾದ ಗುಂಪಿಗೆ ಜನ ಬೇಕೇ ಬೇಕು. ಅಂಥವರಿಗೆ ಬರೆದ ಮೇಲ್‌ಗೆ ಉತ್ತರ ಬರುವ ಸಾಧ್ಯತೆ ಜಾಸ್ತಿ.

ಜಾಹೀರಾತು ಸಿಕ್ಕ ಮೇಲೆ ಅದನ್ನು ಸಾಲು ಸಾಲಾಗಿ ಒಡೆಯಿರಿ. ಎಡಗಡೆ ಅವರು ಕೇಳಿದ್ದು, ಬಲಗಡೆ ನಿಮ್ಮ ಪುರಾವೆ. "ಆರ್ ಭಾಷೆಯಲ್ಲಿ ಕೋಡಿಂಗ್ ಗೊತ್ತು" ಅನ್ನುವುದು ಪುರಾವೆ ಅಲ್ಲ, "ಆರ್‌ನ ಡಿಇಸೀಕ್2 ಪ್ಯಾಕೇಜ್ ಬಳಸಿ 48 ಸ್ಯಾಂಪಲ್ ನೋಡಿದೆ, ಕೋಡ್ ಇಲ್ಲಿದೆ" ಅನ್ನುವುದು ಪುರಾವೆ. ಬ್ರಿಟನ್ನಿನ ಜಾಹೀರಾತುಗಳಲ್ಲಿ ಕಡ್ಡಾಯ ಮತ್ತು ಇದ್ದರೆ ಒಳ್ಳೆಯದು ಅಂತ ಎರಡು ಪಟ್ಟಿ ಇರುತ್ತವೆ. ಅಲ್ಲಿ ಕಡ್ಡಾಯದ ಒಂದೊಂದು ಸಾಲಿಗೂ ಅರ್ಜಿಯಲ್ಲಿ ಉತ್ತರ ಕಾಣಬೇಕು. ಕಡ್ಡಾಯ ಪಟ್ಟಿಯಲ್ಲಿ ಪಿಎಚ್‌ಡಿಯೇ ಇದ್ದು ನಿಮಗೆ ಅದಿಲ್ಲದಿದ್ದರೆ ಬಿಟ್ಟುಬಿಡಿ. ಎರಡನೇ ಪಟ್ಟಿಯಲ್ಲಿ ಅರ್ಧ ಇಲ್ಲದಿದ್ದರೂ ಹಾಕಿ. ಎಲ್ಲ ಇದ್ದರೆ ಮಾತ್ರ ಹಾಕುತ್ತೇನೆ ಅನ್ನುವವರು ಸುಮ್ನೆ ಕೂತೇ ಇರುತ್ತಾರೆ.

ಅನುಮಾನ ಬರಬೇಕಾದ ಜಾಹೀರಾತುಗಳೂ ಇವೆ. ಒಂದೇ ವಾರ ಗಡುವು, ಯಾರೋ ಒಬ್ಬರ ಜಾತಕ ನೋಡಿ ಬರೆದಂತಿರುವ ಅರ್ಹತೆ: ಒಳಗಿನವರೊಬ್ಬರು ಆಗಲೇ ಇರಬಹುದು. ಹಾಕಿ, ಆದರೆ ಒಂದು ತಿಂಗಳು ಅದಕ್ಕೇ ಸುರಿಯಬೇಡಿ. ಅರ್ಜಿ ಶುಲ್ಕ ಅಮೆರಿಕದ ಪಿಎಚ್‌ಡಿ ಪ್ರವೇಶಕ್ಕೆ ಮಾಮೂಲಿ. ಆದರೆ ಪೋಸ್ಟ್‌ಡಾಕ್ ಕೆಲಸ ಖಾತ್ರಿ ಮಾಡಲು "ಪ್ರೊಸೆಸಿಂಗ್ ಫೀ" ಕೇಳಿದರೆ, ಸಂದರ್ಶನವೇ ಇಲ್ಲದೆ ಆಫರ್ ಬಂದರೆ, ವಿಶ್ವವಿದ್ಯಾಲಯದ ವಿಳಾಸ ಬಿಟ್ಟು ಜಿಮೇಲ್‌ನಿಂದ ಪಾಸ್‌ಪೋರ್ಟ್ ಕೇಳಿದರೆ ಅದು ಮೋಸ.

ಹಂತ 6: ಈಗ ಸಿವಿ, ಈಗ ಪತ್ರ

ಹಿಂದಿನ ಹಂತದ ಬಲಗಡೆ ಕಾಲಂ ಇದೆಯಲ್ಲ, ಅದೇ ನಿಮ್ಮ ಪತ್ರ. ಹೊಸದಾಗಿ ಯೋಚಿಸುವುದು ಕಡಿಮೆ.

ಸಿವಿಯಲ್ಲಿ ಎರಡು ಲೋಕದ ಪದ್ಧತಿ ಬೇರೆ ಬೇರೆ ಅನ್ನುವುದು ನೆನಪಿರಲಿ. ಕಂಪ್ಯೂಟರ್ ವಿಜ್ಞಾನದಲ್ಲಿ ನ್ಯೂರಿಪ್ಸ್, ಐಸಿಎಂಎಲ್ ಥರದ ಸಮ್ಮೇಳನದ ಪೇಪರ್ ಪೂರ್ತಿ ಪರಿಶೀಲನೆ ಆದ ಪೇಪರ್. ಜೀವವಿಜ್ಞಾನದವರಿಗೆ ಸಮ್ಮೇಳನ ಅಂದರೆ ಪೋಸ್ಟರ್ ಅಂಟಿಸಿ ಬರುವ ಜಾಗ. ಅವರಿಗೆ ಕಳಿಸುವಾಗ "ಪೂರ್ಣ ಪೇಪರ್, ಪರಿಶೀಲನೆ ಆಗಿದೆ" ಅಂತ ಪಕ್ಕದಲ್ಲಿ ಬರೆಯಲೇಬೇಕು. ಹೆಸರಿನ ಸಾಲೂ ಹಾಗೇ. ಜೀವವಿಜ್ಞಾನದಲ್ಲಿ ಕೊನೆಯ ಹೆಸರು ಸಾಮಾನ್ಯವಾಗಿ ಲ್ಯಾಬ್ ಮುಖ್ಯಸ್ಥರದ್ದು, ಥಿಯರಿ ಕಂಪ್ಯೂಟರ್ ವಿಜ್ಞಾನದಲ್ಲಿ ಅಕ್ಷರಮಾಲೆ ಕ್ರಮ. ಹನ್ನೊಂದು ಜನರಲ್ಲಿ ನೀವು ಐದನೆಯವರಾದರೆ, ನಿಮ್ಮ ಕೈಯ ಕೆಲಸ ಯಾವುದು ಅಂತ ಒಂದು ಸಾಲು ಹಾಕಿ. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪೇಪರ್‌ಗಳನ್ನು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಅನ್ನುವ ಅಂಕಿ) ಬರೆಯಬೇಡಿ, ಅದನ್ನು ನೋಡುವುದಿಲ್ಲ ಅಂತ ಡೋರಾ ಘೋಷಣೆಗೆ ಸಹಿ ಹಾಕಿದ ಸಂಸ್ಥೆಗಳು ತುಂಬಾ ಇವೆ.

ಪ್ರೊಫೆಸರ್‌ಗೆ ನೇರವಾಗಿ ಬರೆಯುವ ಮೇಲ್ ಐದಾರು ಸಾಲು ಮೀರಬಾರದು. "ನಿಮ್ಮ ಅದ್ಭುತ ಸಂಶೋಧನೆಯಿಂದ ಪ್ರಭಾವಿತನಾಗಿದ್ದೇನೆ" ಅನ್ನುವ ಸಾಲನ್ನು ಅವರು ಬೆಳಿಗ್ಗೆಯಿಂದ ನಾಲ್ಕು ಸಲ ಓದಿರುತ್ತಾರೆ. ಅದರ ಬದಲು ಹೀಗೆ: "ನಿಮ್ಮ ಕಳೆದ ಪ್ರಿಪ್ರಿಂಟ್‌ನ ಮೂರನೇ ಚಿತ್ರದಲ್ಲಿ ಎರಡು ಗುಂಪಿನ ಜೀವಕೋಶಗಳು ಬೇರೆಯಾಗುತ್ತಿಲ್ಲ. ಅದೇ ತೊಂದರೆ ನನ್ನ ಮಾಸ್ಟರ್ಸ್ ಡೇಟಾದಲ್ಲೂ ಬಂತು, ಬ್ಯಾಚ್ ಸರಿಪಡಿಸುವ ವಿಧಾನ ಬದಲಿಸಿದಾಗ ಬೇರೆಯಾದವು, ಕೋಡ್ ಇಲ್ಲಿದೆ. ಮುಂದಿನ ಶರತ್ಕಾಲಕ್ಕೆ ಪಿಎಚ್‌ಡಿ ಜಾಗ ಇದೆಯೇ?" ಇಂಥ ಮೇಲ್ ಒಂದಕ್ಕೆ ಅರ್ಧ ದಿನ ಬೇಕು. ದಿನಕ್ಕೆ ಐವತ್ತು ಕಳಿಸಲು ಆಗುವುದೇ ಇಲ್ಲ, ಕಳಿಸಲೂಬೇಡಿ.

ಹಂತ 7: ಸಂದರ್ಶನ

ಸಾಮಾನ್ಯವಾಗಿ ಮೂರು ಭಾಗ: ನಿಮ್ಮ ಕೆಲಸದ ಬಗ್ಗೆ ಒಂದು ಟಾಕ್, ಸಮಿತಿಯ ಪ್ರಶ್ನೆ, ಗುಂಪಿನವರ ಜೊತೆ ಮಾತು. ಕೆಲವು ಕಡೆ ಕೋಡಿಂಗ್ ಪರೀಕ್ಷೆ. 20 ನಿಮಿಷ ಅಂದರೆ 18ಕ್ಕೆ ಮುಗಿಸಿ. ಕೇಳುವವರಲ್ಲಿ ಅರ್ಧ ಜನಕ್ಕೆ ನಿಮ್ಮ ವಿಷಯ ಗೊತ್ತಿರುವುದಿಲ್ಲ ಅಂದುಕೊಂಡೇ ಮೊದಲ ಐದು ನಿಮಿಷ ಮಾತಾಡಿ.

ಕೇಳುವ ಪ್ರಶ್ನೆಗಳು ಅನೇಕ ಸಲ ತೀರಾ ಸರಳ, ಬೀಳುವುದೂ ಅಲ್ಲೇ. ಜೀನೋಮ್‌ನ ಜಾಗಗಳನ್ನು ಬರೆದಿಡುವ ಫೈಲ್ ಮಾದರಿಗಳಲ್ಲಿ ಬೆಡ್ ಎಣಿಕೆ ಸೊನ್ನೆಯಿಂದ, ಜಿಎಫ್‌ಎಫ್ ಮತ್ತು ವಿಸಿಎಫ್ ಒಂದರಿಂದ. ಬೆಡ್‌ನಲ್ಲಿ 100–200 ಅಂತಿರುವ ತುಂಡೇ ಜಿಎಫ್‌ಎಫ್‌ನಲ್ಲಿ 101–200. 20,000 ಜೀನ್ ಪರೀಕ್ಷಿಸಿ ಪಿ-ವ್ಯಾಲ್ಯೂ 0.05ಕ್ಕೆ (ನೂರಕ್ಕೆ ಐದು ಸಲ ಆಕಸ್ಮಿಕವಾಗಿ ದಾಟುವ ಮಿತಿ) ಕಟ್ ಮಾಡಿದರೆ ನಿಜವಾದ ವ್ಯತ್ಯಾಸ ಒಂದೂ ಇಲ್ಲದಿದ್ದರೂ ಸುಮಾರು 1,000 ಜೀನ್ ಸಿಗುತ್ತವೆ, ಆಗ ಏನು ಮಾಡುತ್ತೀರಿ? ರೋಗಿಗಳ ಸ್ಯಾಂಪಲ್ ಎಲ್ಲ ಸೋಮವಾರ, ಆರೋಗ್ಯವಂತರದ್ದೆಲ್ಲ ಗುರುವಾರ ಸೀಕ್ವೆನ್ಸ್ ಮಾಡಿದ್ದಾರೆ, ಹೇಗೆ ಸರಿಮಾಡುತ್ತೀರಿ? ಈ ಕೊನೆಯದಕ್ಕೆ ಸರಿಯಾದ ಉತ್ತರ "ಆಗುವುದಿಲ್ಲ, ಮತ್ತೆ ಮಾಡಬೇಕು", ಯಾಕೆಂದರೆ ವ್ಯತ್ಯಾಸ ರೋಗದ್ದೋ ದಿನದ್ದೋ ಅಂತ ಬೇರೆ ಮಾಡಲು ಆಗುವುದಿಲ್ಲ. ಯಾವುದೋ ಟೂಲ್ ಹೆಸರು ಹೇಳಿ ಜಾಣತನ ತೋರಿಸಿದರೆ ಕೆಟ್ಟಿರಿ.

ನೀವೂ ಕೇಳಿ, ಅದೂ ಮುಖ್ಯಸ್ಥರು ಇಲ್ಲದಾಗ ಗುಂಪಿನ ಹುಡುಗರನ್ನು. ಹಿಂದಿನವರು ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ? ಡೇಟಾ ಯಾರು ಮಾಡುತ್ತಾರೆ, ಕೈಗೆ ಯಾವಾಗ ಸಿಗುತ್ತದೆ? ಇಡೀ ವೆಟ್ ಲ್ಯಾಬ್‌ನಲ್ಲಿ (ಕೈಯಿಂದ ಪ್ರಯೋಗ ಮಾಡುವ ಲ್ಯಾಬ್) ಕೋಡ್ ಬರೆಯುವುದು ನೀವೊಬ್ಬರೇ ಆದರೆ ಹುಷಾರು. ಹತ್ತು ಜನರ ಗ್ರಾಫ್ ಮಾಡಿಕೊಡುವುದರಲ್ಲೇ ದಿನ ಹೋಗುತ್ತದೆ, ಹತ್ತು ಪೇಪರ್‌ನಲ್ಲೂ ನಡುವೆ ಎಲ್ಲೋ ಹೆಸರು ಇರುತ್ತದೆ, ಮೊದಲ ಹೆಸರಿನ ಪೇಪರ್ ಒಂದೂ ಇರುವುದಿಲ್ಲ.

ಹಂತ 8: ಆಫರ್ ಬಂದ ಮೇಲೆ

ಬಾಯಿಮಾತಿನ ಆಫರ್ ನಂಬಿ ಇರುವ ಕೆಲಸ ಬಿಡಬೇಡಿ, ಬರವಣಿಗೆಯಲ್ಲಿ ಬರಲಿ. ಕರಾರು ಎಷ್ಟು ತಿಂಗಳು, ಮುಂದುವರಿಸುವುದು ಯಾರ ಕೈಯಲ್ಲಿದೆ, ಹಣ ಯಾವ ಅನುದಾನದ್ದು ಮತ್ತು ಅದು ಮುಗಿಯುವುದು ಯಾವಾಗ, ಇವಿಷ್ಟು ಕೇಳಿ. ಸಂಬಳವೋ ಸ್ಟೈಪೆಂಡೋ ಅನ್ನುವುದೂ ಮುಖ್ಯ, ಎಷ್ಟೋ ಕಡೆ ಸ್ಟೈಪೆಂಡ್‌ಗೆ ಪಿಂಚಣಿ, ವಿಮೆ ಸೇರಿರುವುದಿಲ್ಲ. ಜರ್ಮನಿಯಲ್ಲಿ ಪಿಎಚ್‌ಡಿಯವರಿಗೆ ಸಾಮಾನ್ಯವಾಗಿ ಇ13 ಸಂಬಳ ದರ್ಜೆ, ಆದರೆ ಅದರಲ್ಲಿ ಎಷ್ಟು ಪಾಲು ಅಂತ ನೋಡಬೇಕು. ಜೀವವಿಜ್ಞಾನದಲ್ಲಿ 65% ಮಾಮೂಲಿ, ಕಂಪ್ಯೂಟರ್ ವಿಭಾಗದಲ್ಲಿ 100% ಮಾಮೂಲಿ. ಒಂದೇ ಥರದ ಕೆಲಸ, ವಿಭಾಗ ಬೇರೆಯಾದರೆ ಹಣ ಬೇರೆ, ಅನ್ಯಾಯ ಅಲ್ವಾ? ಕೇಳಿ ನೋಡಿ, ಕೇಳಿದ್ದಕ್ಕೆ ಸಾಮಾನ್ಯವಾಗಿ ಯಾರೂ ಆಫರ್ ವಾಪಸ್ ತೆಗೆದುಕೊಳ್ಳುವುದಿಲ್ಲ.

ಅಮೆರಿಕದ, ಹಣದ ನೆರವಿರುವ ಪಿಎಚ್‌ಡಿ ಆಫರ್‌ಗೆ ಏಪ್ರಿಲ್ 15ರವರೆಗೆ ಯೋಚಿಸಲು ಸಮಯ ಕೊಡಬೇಕು ಅನ್ನುವ ಒಪ್ಪಂದಕ್ಕೆ (ಏಪ್ರಿಲ್ 15 ರೆಸಲ್ಯೂಶನ್) ಬಹಳಷ್ಟು ವಿಶ್ವವಿದ್ಯಾಲಯಗಳು ಸಹಿ ಹಾಕಿವೆ. ಅದಕ್ಕೂ ಮುಂಚೆ ಒತ್ತಡ ಹಾಕಿದರೆ ಆ ಒಪ್ಪಂದದ ಹೆಸರು ಹೇಳಿ.

ಉತ್ತರ ಬರದಿದ್ದರೆ ಎಲ್ಲಿ ನೋಡಬೇಕು

ಹದಿನೈದು ಅರ್ಜಿ ಹೋಗಿ ಒಂದೂ ಸಂದರ್ಶನ ಬರಲಿಲ್ಲ ಅಂದರೆ ತೊಂದರೆ ಕಾಗದದಲ್ಲಿದೆ, ಹಂತ 3 ಮತ್ತು 5ಕ್ಕೆ ವಾಪಸ್ ಹೋಗಿ. ಸಂದರ್ಶನ ಬರುತ್ತಿವೆ, ಆಫರ್ ಬರುತ್ತಿಲ್ಲ ಅಂದರೆ ತೊಂದರೆ ಟಾಕ್‌ನಲ್ಲಿ. ನಿಮ್ಮ ವಿಷಯವೇ ಗೊತ್ತಿಲ್ಲದ ಒಬ್ಬರ ಮುಂದೆ ಮಾತಾಡಿ, ಅವರು ಎಲ್ಲಿ ಕಣ್ಣು ಮುಚ್ಚಿದರು ಅಂತ ಬರೆದುಕೊಳ್ಳಿ. ಕೊನೆಯ ಎರಡು ಜನರಲ್ಲಿ ಒಬ್ಬರಾಗಿ ಪದೇ ಪದೇ ಉಳಿಯುತ್ತಿದ್ದರೆ ಶಿಫಾರಸು ಪತ್ರದ ಮೇಲೆ ಅನುಮಾನ ಇಡಿ, ಒಂದು ಹೆಸರು ಬದಲಿಸಿ ನೋಡಿ. ಸಂದರ್ಶನದವರೆಗೆ ಹೋಗಿದ್ದರೆ ಏನು ಕಡಿಮೆ ಇತ್ತು ಅಂತ ಎರಡು ಸಾಲಿನ ಮೇಲ್ ಹಾಕಿ, ಕೆಲವರು ನಿಜವಾಗಿಯೂ ಉತ್ತರ ಕೊಡುತ್ತಾರೆ. ಬಂದದ್ದನ್ನು ಆ ಸ್ಪ್ರೆಡ್‌ಶೀಟ್‌ನ ಕೊನೆಯ ಕಾಲಂಗೆ ಹಾಕಿಕೊಳ್ಳಿ.